ಗಗನಚುಂಬಿ ಕಚೇರಿಯನ್ನು ಬುಡದಿಂದ ಓದುವ ಕ್ರಮ

ನೌಕರಿಗೆಂದು ಶಿಕಾಗೋಕ್ಕೆ ಹೋದ ನನ್ನ ಅಣ್ಣನ ಮಗ, ಆ ಊರಿನ ನಡುಪೇಟೆಯಲ್ಲಿರುವ ವಿಲ್ಲಿಸ್ ಟವರಿನ ಫೋಟೋ ಕಳಿಸಿ, ಅದರ ಕೆಳಗೆ "ಕಾಕಾ, ಭಾಳ ಎತ್ತರ ಐತಿ" ಎಂದಷ್ಟೇ ಬರೆದಿದ್ದ. ಬುಡದಲ್ಲಿ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ ತೆಗೆದ ಚಿತ್ರ ಅದು. ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತಿತ್ತು, ಉಳಿದದ್ದೆಲ್ಲ ಆಕಾಶ. ಹುಬ್ಬಳ್ಳಿಯ ಪಾಲಿಟೆಕ್ನಿಕ್ ಒಂದರಲ್ಲಿ ಹಲವು ವರ್ಷ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸಿದ ನನಗೆ ಆ ಒಂದು ಸಾಲು ಸಾಲದೆನಿಸಿತು. ಆದರೆ ಅವನನ್ನು ಬೈಯುವ ಹಕ್ಕೂ ನನಗಿರಲಿಲ್ಲ, ಏಕೆಂದರೆ ಮೊದಲ ಸಲ ಮುಂಬೈಯ ನರಿಮನ್ ಪಾಯಿಂಟಿನಲ್ಲಿ 23 ಅಂತಸ್ತಿನ ಏರ್ ಇಂಡಿಯಾ ಕಟ್ಟಡದ ಮುಂದೆ ನಿಂತಾಗ ನಾನೂ ಮನೆಗೆ ಬರೆದ ಕಾಗದದಲ್ಲಿ ಅದಕ್ಕಿಂತ ಹೆಚ್ಚೇನೂ ಹೇಳಿರಲಿಲ್ಲ. ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಕೊಡುತ್ತಿದ್ದೇನೆ. ಬೆಂಗಳೂರಿಗೋ ಮುಂಬೈಗೋ ಪರದೇಶಕ್ಕೋ ಹೋಗುವ ನಮ್ಮ ಕಡೆಯ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು. ಎಲ್ಲಿಗೂ ಹೋಗದೆ ಚೆನ್ನಮ್ಮ ಸರ್ಕಲ್ಲಿನ ಸುತ್ತ ಓಡಾಡುವವರಿಗೂ ಬಂದೀತು.

ಎತ್ತರದ ಕಚೇರಿ ಕಟ್ಟಡವನ್ನು ತುದಿಯಿಂದ ನೋಡತೊಡಗಿದರೆ ಬೆರಗು ಮಾತ್ರ ಸಿಗುತ್ತದೆ, ಬುಡದಿಂದ ನೋಡತೊಡಗಿದರೆ ಕಾರಣ ಸಿಗುತ್ತದೆ ಎಂಬುದು ನನ್ನ ಅನುಭವ. ಭಾರ ಎಲ್ಲಿಂದ ಇಳಿಯುತ್ತದೆ, ಗಾಳಿಯನ್ನು ಯಾವುದು ತಡೆಯುತ್ತದೆ, ಜನ ಹೇಗೆ ಮೇಲೇರುತ್ತಾರೆ, ಬಿಸಿಲು ಎಲ್ಲಿಂದ ಹೊಕ್ಕುತ್ತದೆ, ಜಾಗದ ಲೆಕ್ಕ ಯಾರು ಹಾಕಿದರು ಎಂಬ ಪ್ರಶ್ನೆಗಳನ್ನು ಕೇಳಿಕೊಂಡು ಹೋದರೆ ಆಕಾರ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಅಳತೆ

ಕಟ್ಟಡದ ಎದುರು ನಿಂತ ಕೂಡಲೇ ಮಾಡಬೇಕಾದ ಕೆಲಸವೆಂದರೆ ಅದರಿಂದ ದೂರ ಸರಿಯುವುದು. ಕನಿಷ್ಠ ಅದರ ಎತ್ತರದಷ್ಟು ದೂರ ಹೋಗದಿದ್ದರೆ ಮೇಲಿನ ಭಾಗ ಕುಗ್ಗಿ ಕಾಣುತ್ತದೆ, ಕಣ್ಣು ಮೋಸ ಹೋಗುತ್ತದೆ. ದೂರ ನಿಂತು ಅಂತಸ್ತುಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ಮೀಟರಿನಲ್ಲಿ ಎತ್ತರ ಹೆಚ್ಚುಕಡಿಮೆ ಸರಿಯಾಗಿ ಬರುತ್ತದೆ. ಬೆಂಗಳೂರಿನ ಎಂ. ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡಕ್ಕೆ 25 ಅಂತಸ್ತು, ಎತ್ತರ 106 ಮೀಟರ್. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ 102 ಅಂತಸ್ತು, ಎತ್ತರ 381 ಮೀಟರ್. ವಿಲ್ಲಿಸ್ ಟವರಿಗೆ 108 ಅಂತಸ್ತು, ತುದಿಯ ಆಂಟೆನಾಗಳನ್ನು ಬಿಟ್ಟು 442 ಮೀಟರ್. ಭಾಗಿಸಿ ನೋಡಿದರೆ ಮೂರೂ ಕಡೆ ನಾಲ್ಕರ ಆಸುಪಾಸಿನ ಸಂಖ್ಯೆಯೇ ಬರುತ್ತದೆ. ನಮ್ಮ ಮನೆಗಳಲ್ಲಿ ಒಂದು ಅಂತಸ್ತಿಗೆ ಮೂರು ಮೀಟರ್ ಸಾಕಾಗುವಾಗ ಕಚೇರಿಗೆ ಇನ್ನೊಂದು ಮೀಟರ್ ಏಕೆ ಬೇಕೆಂದರೆ, ಸ್ಲ್ಯಾಬಿನ ಕೆಳಗೆ ಎ.ಸಿ.ಯ ಗಾಳಿ ಹರಿಯುವ ದೊಡ್ಡ ಕೊಳವೆಗಳು, ವೈರು, ಬೆಂಕಿ ನಂದಿಸುವ ನೀರಿನ ಪೈಪು ಎಲ್ಲವನ್ನೂ ತೂಗುಹಾಕಿ ಅವುಗಳ ಕೆಳಗೆ ಮತ್ತೊಂದು ಸುಳ್ಳು ಛಾವಣಿಯನ್ನು ಕಟ್ಟಬೇಕಾಗುತ್ತದೆ.

ಅಂತಸ್ತು ಎಣಿಸಲಾಗದ ಕಟ್ಟಡಗಳಿಗೆ ನೆರಳಿನ ಉಪಾಯವಿದೆ. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಬೇಕು, ಅದೇ ಹೊತ್ತಿಗೆ ಕಟ್ಟಡದ ನೆರಳನ್ನೂ ಬುಡದಿಂದ ಅಳೆಯಬೇಕು. ಕೋಲಿನ ನೆರಳು 80 ಸೆಂಟಿಮೀಟರ್, ಕಟ್ಟಡದ್ದು 24 ಮೀಟರ್ ಬಂದರೆ ಎತ್ತರ 30 ಮೀಟರ್. ವಿದ್ಯಾರ್ಥಿಗಳಿಂದ ಇದನ್ನು ಬಯಲಿನಲ್ಲಿ ಮಾಡಿಸುವುದು ಸುಲಭ. ಪೇಟೆಯಲ್ಲಿ ನೆರಳು ನೆಲಕ್ಕೆ ಬೀಳುವ ಬದಲು ಎದುರಿನ ಅಂಗಡಿಯ ಬೋರ್ಡಿನ ಮೇಲೆ ಬೀಳುವುದರಿಂದ ಲೆಕ್ಕ ಕೆಡುತ್ತದೆ.

ಸಂಖ್ಯೆ ಸಿಕ್ಕ ಮೇಲೆ ಅದನ್ನು ತನಗೆ ಗೊತ್ತಿರುವ ಅಳತೆಗೆ ಇಳಿಸಿಕೊಳ್ಳಬೇಕು. ಹುಬ್ಬಳ್ಳಿಯವರಿಗೆ ಇದಕ್ಕೆ ಬೇರೆ ಯಾರಿಗೂ ಇಲ್ಲದ ಅನುಕೂಲವಿದೆ. ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಅದರ ಮೇಲೆ ವಿಲ್ಲಿಸ್ ಟವರನ್ನು ಮಲಗಿಸಿದರೆ ಮೂರು ಟವರುಗಳು ಸಾಲಾಗಿ ಹಿಡಿದು ಇನ್ನೂ 181 ಮೀಟರ್ ಉಳಿಯುತ್ತದೆ. ಚೀಲ ಹೊತ್ತು ಆ ಪ್ಲಾಟ್‌ಫಾರ್ಮನ್ನು ಒಮ್ಮೆ ತುದಿಯಿಂದ ತುದಿಗೆ ನಡೆದವರಿಗೆ ಅದರ ಮೂರನೆಯ ಒಂದು ಪಾಲನ್ನು ನೆಟ್ಟಗೆ ನಿಲ್ಲಿಸುವುದೆಂದರೆ ಏನೆಂಬುದು ಕಾಲಿಗೇ ಗೊತ್ತಾಗುತ್ತದೆ.

ಭಾರ ಇಳಿಯುವ ದಾರಿ

ನನಗೆ ಈ ಪಾಠವನ್ನು ಕಾಲೇಜಿಗಿಂತ ಚೆನ್ನಾಗಿ ಹೇಳಿಕೊಟ್ಟವನು ಧಾರವಾಡದ ಒಬ್ಬ ಹಿರಿಯ ಗೌಂಡಿ. ನಕ್ಷೆಯನ್ನು ಕೈಗೆ ಕೊಟ್ಟರೆ ಆತ ಮೊದಲು ಮುಂಭಾಗದ ಚಿತ್ರವನ್ನು ಬದಿಗಿಟ್ಟು, "ಸರ, ಭಾರ ನೆಲಕ್ಕ ಹೋಗೂ ದಾರಿ ತೋರಸ್ರಿ, ಚಂದ ಆಮ್ಯಾಲೆ ನೋಡೂಣು" ಎನ್ನುತ್ತಿದ್ದ. ಕಟ್ಟಡದ ಬುಡಕ್ಕೆ ಹೋಗಿ ಗೋಡೆ ಎಷ್ಟು ದಪ್ಪ, ಕಂಬ ಎಲ್ಲಿದೆ, ಎರಡು ಕಂಬಗಳ ನಡುವೆ ಎಷ್ಟು ಹೆಜ್ಜೆ ಎಂಬುದನ್ನು ನೋಡುವುದು ಈ ಹಂತದ ಕೆಲಸ.

ಧಾರವಾಡದಲ್ಲಿ ಕರ್ನಾಟಕ ಕಾಲೇಜಿನ ಹಳೆಯ ಕಲ್ಲುಕಟ್ಟಡದ ಮುಂದೆ ನಿಂತವರಿಗೆ ಅದು ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತೆಂಬುದು ನೆನಪಿರಲಿ. ನಮ್ಮ ಭಾಗದ ದೊಡ್ಡ ಕಚೇರಿ ಕಟ್ಟಡಗಳಲ್ಲಿ ಹಳೆಯದು ಅದು. ಅಲ್ಲಿ ಗೋಡೆಯೇ ಭಾರ ಹೊರುತ್ತದೆ, ಆದ್ದರಿಂದ ಗೋಡೆ ದಪ್ಪ, ಕಿಟಕಿ ಗೋಡೆಯೊಳಗೆ ಆಳವಾಗಿ ಕೂತಿದೆ. ಇದೇ ಕ್ರಮದಲ್ಲಿ ಎತ್ತರಕ್ಕೆ ಹೋಗಲು ಹೊರಟರೆ ಏನಾಗುತ್ತದೆಂಬುದನ್ನು ಶಿಕಾಗೋದ ಮೊನಾಡ್ನಾಕ್ ಕಟ್ಟಡ ತೋರಿಸುತ್ತದೆ. 1891ರಲ್ಲಿ ಮುಗಿದ ಅದರ ಉತ್ತರದ ಅರ್ಧಕ್ಕೆ 16 ಅಂತಸ್ತು. ಇಟ್ಟಿಗೆಯ ಹೊರಗೋಡೆಗಳೇ ಭಾರ ಹೊರುವುದರಿಂದ ಬುಡದಲ್ಲಿ ಅವುಗಳ ದಪ್ಪ ಆರು ಅಡಿ. ಆರು ಅಡಿಯೆಂದರೆ ಎಂಟು ಗೇಣು. ರಸ್ತೆಗೆ ತಾಗಿದ, ಅತಿ ಹೆಚ್ಚು ಬಾಡಿಗೆ ಬರುವ ನೆಲಮಹಡಿಯಲ್ಲಿ ಅಷ್ಟು ಜಾಗವನ್ನು ಗೋಡೆಯೇ ತಿಂದರೆ ಕಟ್ಟಿಸಿದವನಿಗೆ ಉಳಿಯುವುದೇನು? ಅದರ ದಕ್ಷಿಣದ ಅರ್ಧವನ್ನು ಎರಡು ವರ್ಷಗಳ ನಂತರ ಕಟ್ಟುವಾಗ ಉಕ್ಕಿನ ಚೌಕಟ್ಟನ್ನು ಬಳಸಿದರು. ಹೀಗೆ ಒಂದೇ ಕಟ್ಟಡದ ಎರಡು ತುದಿಗಳಲ್ಲಿ ಎರಡು ಕಾಲಗಳಿವೆ. ಎರಡೂ ಬದಿಯ ಕಿಟಕಿಗಳ ಆಳವನ್ನು ಹೋಲಿಸಿದರೆ ಬೇರೆ ಪಾಠ ಬೇಕಾಗುವುದಿಲ್ಲ.

ಚೌಕಟ್ಟಿನ ಉಪಾಯ ಅದೇ ಊರಿನಲ್ಲಿ ಸ್ವಲ್ಪ ಮೊದಲೇ ಹುಟ್ಟಿತ್ತು. ವಿಲಿಯಂ ಲೆ ಬ್ಯಾರನ್ ಜೆನ್ನಿ ರೂಪಿಸಿದ ಹೋಮ್ ಇನ್ಶೂರೆನ್ಸ್ ಕಟ್ಟಡ 1885ರಲ್ಲಿ ಎದ್ದಾಗ ಅದಕ್ಕೆ ಹತ್ತೇ ಅಂತಸ್ತು, 42 ಮೀಟರ್. ಎರಡು ರೈಲು ಡಬ್ಬಿಗಳ ಉದ್ದಕ್ಕಿಂತಲೂ ಕಡಿಮೆ. ಆದರೂ ಗಗನಚುಂಬಿಗಳ ವಂಶಾವಳಿಯನ್ನು ಅದರಿಂದ ಆರಂಭಿಸುವುದು ರೂಢಿ, ಏಕೆಂದರೆ ಅಲ್ಲಿ ಕಬ್ಬಿಣ ಮತ್ತು ಉಕ್ಕಿನ ಚೌಕಟ್ಟು ಭಾರ ಹೊತ್ತು ಗೋಡೆ ಹೆಚ್ಚಿನ ಮಟ್ಟಿಗೆ ಬರಿಯ ಹೊದಿಕೆಯಾಯಿತು. 1931ರಲ್ಲಿ ಅದನ್ನು ಕೆಡವಿದರು.

ನೆಲದ ಕಡೆಗೂ ಕಣ್ಣಿರಲಿ. ಹುಬ್ಬಳ್ಳಿಯಿಂದ ಮೂಡಲಿಗೆ ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ಪಾಯ ಹಾಕುವವರು ಗರಸು ಸಿಗುವ ತನಕ ಅಗೆಯುತ್ತಾರೆ. ಶಿಕಾಗೋದ ನೆಲದಲ್ಲಿಯೂ ಮೇಲೆ ಮೆತ್ತನೆಯ ಜೇಡಿಮಣ್ಣೇ. ಮೊನಾಡ್ನಾಕ್ ಎಂಟು ಅಂಗುಲ ಕುಸಿದೀತೆಂದು ಲೆಕ್ಕ ಹಾಕಿಯೇ ಕಟ್ಟಿದ್ದರೂ ದಶಕಗಳಲ್ಲಿ ಅದು ಅದರ ಎರಡು ಪಟ್ಟಿಗೂ ಮೀರಿ ಇಳಿಯಿತು. ವಿಲ್ಲಿಸ್ ಟವರಿನವರು ಆ ತಪ್ಪು ಮಾಡದೆ 114 ಆಳವಾದ ಕಾಂಕ್ರೀಟ್ ಕಂಬಗಳನ್ನು ಬಂಡೆಯವರೆಗೆ ಇಳಿಸಿದ್ದಾರೆ.

ಗಾಳಿ

ಭಾರದ ವಿಷಯ ನಮ್ಮ ಗೌಂಡಿಗೂ ಗೊತ್ತು, ಗಾಳಿಯ ವಿಷಯ ಗೊತ್ತಿರುವವರು ಕಡಿಮೆ. ಹತ್ತು ಅಂತಸ್ತಿನೊಳಗೆ ಅದು ದೊಡ್ಡ ಚಿಂತೆಯಲ್ಲದ ಕಾರಣ ಹುಬ್ಬಳ್ಳಿಯ ಕಾಂಪ್ಲೆಕ್ಸುಗಳಲ್ಲಿ ಅದನ್ನು ಕಾಣಲಾಗುವುದಿಲ್ಲ. ಆದರೆ ಎತ್ತರ ಎರಡು ಪಟ್ಟಾದರೆ, ಗಾಳಿಯ ಒತ್ತಡ ಅಷ್ಟೇ ಇದ್ದರೂ, ಬುಡವನ್ನು ಕೀಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೇಲೆ ಹೋದಂತೆ ಗಾಳಿಯ ವೇಗವೂ ಹೆಚ್ಚುವುದರಿಂದ ನಿಜದಲ್ಲಿ ಅದಕ್ಕಿಂತಲೂ ಹೆಚ್ಚು. ಅರವತ್ತು ಎಪ್ಪತ್ತು ಅಂತಸ್ತು ದಾಟಿದ ಕಟ್ಟಡದಲ್ಲಿ ಉಕ್ಕಿನ ಖರ್ಚನ್ನು ನಿರ್ಧರಿಸುವುದರಲ್ಲಿ ಗಾಳಿಯದೇ ದೊಡ್ಡ ಪಾಲು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಇದು ಬಾಗದಂತೆ ಯಾವುದು ಹಿಡಿದಿದೆ?

ವಿಲ್ಲಿಸ್ ಟವರಿನ ಉತ್ತರ ಅದರ ಮೈಮೇಲೆಯೇ ಇದೆ. ಢಾಕಾದಲ್ಲಿ 1929ರಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಅವರೊಡನೆ ಅದನ್ನು ರೂಪಿಸಿದರು. ಕಂಬಗಳನ್ನು ಒಳಗೆಲ್ಲ ಹರಡುವ ಬದಲು ಹೊರಮೈಯಲ್ಲಿ ಹತ್ತಿರ ಹತ್ತಿರ ನಿಲ್ಲಿಸಿ, ಗಟ್ಟಿ ತೊಲೆಗಳಿಂದ ಬಿಗಿದರೆ ಇಡೀ ಕಟ್ಟಡ ಒಂದು ಪೊಳ್ಳು ಕೊಳವೆಯಂತೆ ಗಾಳಿಯನ್ನು ಎದುರಿಸುತ್ತದೆ ಎಂಬುದು ಖಾನರ ವಿಚಾರ. ವಿಲ್ಲಿಸ್ ಟವರಿನಲ್ಲಿ ಅಂಥ ಒಂಬತ್ತು ಚೌಕ ಕೊಳವೆಗಳನ್ನು ಮೂರು ಸಾಲು ಮೂರರಂತೆ ಒತ್ತಾಗಿ ನಿಲ್ಲಿಸಿ ಒಂದಕ್ಕೊಂದು ಕಟ್ಟಿದ್ದಾರೆ. ಪ್ರತಿಯೊಂದರ ಬದಿ 75 ಅಡಿ, ಕಂಬದಿಂದ ಕಂಬಕ್ಕೆ 15 ಅಡಿ. ಹೊಲದಲ್ಲಿ ಒಂದು ಜೋಳದ ದಂಟನ್ನು ಹಿಡಿದು ಬಾಗಿಸಿ ನೋಡಿ. ಅದೇ ದಂಟುಗಳನ್ನು ಸಿವುಡು ಕಟ್ಟಿದ ಮೇಲೆ ಬಾಗಿಸಲು ಹೋಗಿ. ಕಣಿಕಿಯ ಸಿವುಡಿನಲ್ಲಿ ಬಿಗಿ ಸಡಿಲಾದರೆ ದಂಟುಗಳು ಒಂದರ ಮೇಲೊಂದು ಜಾರುತ್ತವೆ, ಬಲ ಹೋಗುತ್ತದೆ. ಇಲ್ಲಿ ಜಾರದಂತೆ ಉಕ್ಕಿನ ತೊಲೆಗಳು ಪ್ರತಿ ಅಂತಸ್ತಿನಲ್ಲೂ ಹಿಡಿದುಕೊಂಡಿವೆ. ಒಂಬತ್ತರಲ್ಲಿ ಎರಡು ಕೊಳವೆಗಳು 50ನೆಯ ಅಂತಸ್ತಿಗೆ ನಿಲ್ಲುತ್ತವೆ, ಇನ್ನೆರಡು 66ಕ್ಕೆ, ಮೂರು 90ಕ್ಕೆ, ಕೊನೆಗೆ ಉಳಿದ ಎರಡೇ ತುದಿ ಮುಟ್ಟುತ್ತವೆ. ಫೋಟೋದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದೇ.

ಖಾನರ ಇನ್ನೊಂದು ಕಟ್ಟಡ, 1969ರ ಜಾನ್ ಹ್ಯಾಂಕಾಕ್ ಸೆಂಟರ್ (ಆ ಹೆಸರು ಇದ್ದದ್ದು 2018ರವರೆಗೆ), ಅದೇ ಊರಿನಲ್ಲಿದೆ. ಗಾಳಿಗೆ ಒಡ್ಡಿದ ದೈತ್ಯ ಅಡ್ಡಪಟ್ಟಿಗಳನ್ನು ಅಲ್ಲಿ ಮುಚ್ಚಿಡದೆ ಮುಖದ ಮೇಲೆಯೇ ಗುಣಾಕಾರ ಚಿಹ್ನೆಗಳಂತೆ ಬಿಟ್ಟಿದ್ದಾರೆ. ಓದಲು ಕಲಿಯುವವರಿಗೆ ವಿಲ್ಲಿಸ್‌ಗಿಂತ ಅದೇ ಸುಲಭವೆಂದು ನನ್ನ ಅಭಿಪ್ರಾಯ. ಅದು ದೊಡ್ಡ ಅಕ್ಷರದಲ್ಲಿ ಬರೆದ ಅಂಕಲಿಪಿಯಂತಿದೆ.

ಕಪ್ಪು ಪಟ್ಟಿಗಳು ಮತ್ತು ಲಿಫ್ಟು

ದೂರದಿಂದ ನೋಡುವಾಗ ವಿಲ್ಲಿಸ್ ಟವರಿನ ಮೈಗೆ ಅಡ್ಡಲಾಗಿ ಕಿಟಕಿಗಳಿಲ್ಲದ ಕಪ್ಪು ಪಟ್ಟಿಗಳು ಕಾಣುತ್ತವೆ. ಅವನ್ನು ಅಲಂಕಾರವೆಂದು ತಿಳಿಯಬಾರದು. 29ರಿಂದ 32, 64–65, 88–89 ಮತ್ತು 104ರಿಂದ ಮೇಲಿನ ಅಂತಸ್ತುಗಳಲ್ಲಿ ಎ.ಸಿ., ಪಂಪು ಮುಂತಾದ ಯಂತ್ರಗಳಿದ್ದು, ಗಾಳಿಯಾಡಲು ಗಾಜಿನ ಬದಲು ಜಾಲರಿ ಹಾಕಿದ್ದಾರೆ. ಯಾವ ಗಗನಚುಂಬಿಯಲ್ಲಾದರೂ ಇಂಥ ಕಿಟಕಿಯಿಲ್ಲದ ಪಟ್ಟಿಯನ್ನು ಕಂಡರೆ ಅಲ್ಲಿ ಕಟ್ಟಡದ ಹೊಟ್ಟೆ ಇದೆಯೆಂದು ತಿಳಿದರೆ ತಪ್ಪಾಗುವುದು ಅಪರೂಪ.

ಒಳಗೆ ಹೋಗಲು ಅವಕಾಶ ಸಿಕ್ಕರೆ ಲಿಫ್ಟುಗಳ ಮುಂದೆ ಐದು ನಿಮಿಷ ನಿಲ್ಲಿ. ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನು ನಿಂತಿದ್ದ ಲಿಫ್ಟಿನ ಹಗ್ಗವನ್ನೇ ಕಡಿಸಿ, ಅದು ಬೀಳದೆ ನಿಲ್ಲುವುದನ್ನು ತೋರಿಸದಿದ್ದರೆ ಐದು ಅಂತಸ್ತಿನ ಮೇಲೆ ಬಾಡಿಗೆಗೆ ಯಾರೂ ಬರುತ್ತಿರಲಿಲ್ಲ. ಆದರೆ ಲಿಫ್ಟು ಜಾಗವನ್ನೂ ತಿನ್ನುತ್ತದೆ. ಅಂತಸ್ತು ಹೆಚ್ಚಿದಂತೆ ಜನ ಹೆಚ್ಚುತ್ತಾರೆ, ಜನ ಹೆಚ್ಚಿದಂತೆ ಲಿಫ್ಟಿನ ಬಾವಿಗಳು ಹೆಚ್ಚಬೇಕು, ಅವೆಲ್ಲ ಕೆಳಗಿನ ಪ್ರತಿಯೊಂದು ಅಂತಸ್ತನ್ನೂ ಕೊರೆದುಕೊಂಡೇ ಹೋಗಬೇಕು. ಎಂಪೈರ್ ಸ್ಟೇಟ್‌ನಲ್ಲಿ ಅವು 73. ವಿಲ್ಲಿಸ್ ಟವರಿನಲ್ಲಿ ಇದಕ್ಕೆ ರೈಲಿನ ಉಪಾಯ ಮಾಡಿದ್ದಾರೆ: ದೊಡ್ಡ ಲಿಫ್ಟುಗಳು ಎಕ್ಸ್‌ಪ್ರೆಸ್‌ನಂತೆ 33ನೆಯ ಅಥವಾ 66ನೆಯ ಅಂತಸ್ತಿನ ಜಂಕ್ಷನ್ನಿಗೆ ನೇರವಾಗಿ ಒಯ್ಯುತ್ತವೆ, ಅಲ್ಲಿಂದ ಪ್ಯಾಸೆಂಜರ್ ಲಿಫ್ಟು ಹಿಡಿಯಬೇಕು. ಹೀಗಾಗಿ ಒಂದೇ ಬಾವಿಯಲ್ಲಿ ಒಂದರ ಮೇಲೊಂದು ಲಿಫ್ಟುಗಳು ಓಡಾಡಬಹುದು.

ಆಕಾರದ ಹಿಂದಿನ ಖರ್ಚುವೆಚ್ಚ

ಮೆಟ್ಟಿಲಿನಾಕಾರ ಬರಿಯ ಎಂಜಿನಿಯರಿಂಗಿನ ಫಲವಲ್ಲ. ಕಟ್ಟಡದ ಮೊದಲ ಹೆಸರು ಸೀಯರ್ಸ್ ಟವರ್; 1973ರಲ್ಲಿ ಕಟ್ಟಿಸಿದ್ದು ಅದೇ ಹೆಸರಿನ ದೊಡ್ಡ ವ್ಯಾಪಾರಿ ಕಂಪನಿ. ತನ್ನ ಸಾವಿರಾರು ನೌಕರರಿಗೆ ಕೆಳಗೆ ವಿಶಾಲವಾದ ಅಂತಸ್ತುಗಳು ಬೇಕು, ಮೇಲಿನವುಗಳನ್ನು ಬಾಡಿಗೆಗೆ ಕೊಡಲು ಚಿಕ್ಕವಾಗಿರಬೇಕು ಎಂಬುದು ಅದರ ಲೆಕ್ಕ. ಚಿಕ್ಕ ಕಂಪನಿಗಳಿಗೆ ಕಿಟಕಿಯಿಂದ ಬಹುದೂರದ, ಬೆಳಕಿಲ್ಲದ ನಡುಜಾಗ ಬೇಡ. ಕೊಳವೆಗಳನ್ನು ಬೇರೆ ಬೇರೆ ಎತ್ತರಕ್ಕೆ ನಿಲ್ಲಿಸುವ ವಿಧಾನ ಆ ಲೆಕ್ಕಕ್ಕೆ ಸರಿಹೊಂದಿತು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಸೀಯರ್ಸ್ ಅಲ್ಲಿಂದ ಜಾಗ ಬಿಟ್ಟಿತು, 2009ರಲ್ಲಿ ಹೆಸರೂ ಹೋಯಿತು. ಆಕಾರ ಮಾತ್ರ ಉಳಿದಿದೆ.

ಎಂಪೈರ್ ಸ್ಟೇಟ್ ಕಟ್ಟಡವೂ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುತ್ತದೆ, ಆದರೆ ಅದರ ಕಾರಣ ಬೇರೆ. 1915ರಲ್ಲಿ ನ್ಯೂಯಾರ್ಕಿನ ಇಕ್ವಿಟಬಲ್ ಕಟ್ಟಡ ತನ್ನ ನಿವೇಶನದ ಅಂಚಿನಿಂದ ನೇರವಾಗಿ ಮೇಲೆದ್ದು ಸುತ್ತಲಿನ ಬೀದಿಗಳ ಬೆಳಕನ್ನು ನುಂಗಿತು. ಮರುವರ್ಷವೇ ಬಂದ ಕಾಯಿದೆ, ಒಂದು ಎತ್ತರ ದಾಟಿದ ಮೇಲೆ ಕಟ್ಟಡ ಒಳಗೆ ಸರಿಯಬೇಕು, ನಿವೇಶನದ ಕಾಲು ಭಾಗದ ಮೇಲೆ ಮಾತ್ರ ಎಷ್ಟು ಬೇಕಾದರೂ ಏರಬಹುದು ಎಂದಿತು. 1931ರ ಮೇ 1ರಂದು ತೆರೆದ ಎಂಪೈರ್ ಸ್ಟೇಟ್‌ನ ಮೈಕಟ್ಟನ್ನು ಬರೆದದ್ದು ಬಹುಮಟ್ಟಿಗೆ ಆ ಕಾಯಿದೆ. ಹೀಗೆ ಎರಡು ಕಟ್ಟಡಗಳು ಹೊರಗಿನಿಂದ ಒಂದೇ ರೀತಿ ಕಂಡರೂ ಕಾರಣ ಒಂದೇ ಎಂದು ಬರೆದುಬಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು.

ಈ ಕಣ್ಣನ್ನು ಪಳಗಿಸಿಕೊಳ್ಳಲು ನಮ್ಮವರು ಗದಗ ಜಿಲ್ಲೆಯ ಡಂಬಳಕ್ಕೆ ಹೋಗಬೇಕು. ಅಲ್ಲಿನ ದೊಡ್ಡಬಸಪ್ಪನ ಗುಡಿಯ ಗರ್ಭಗೃಹದ ತಳವಿನ್ಯಾಸ 24 ಕೋನಗಳ ನಕ್ಷತ್ರದ್ದು. ಬುಡದಲ್ಲಿ ಹೊರಟ ಒಂದೊಂದು ಕೋನವೂ ಶಿಖರ ಹಂತ ಹಂತವಾಗಿ ಕಿರಿದಾಗುತ್ತ ಹೋದರೂ ತಪ್ಪದೆ ಮೇಲಿನವರೆಗೆ ಸಾಗುತ್ತದೆ. ಒಂದು ಕೋನವನ್ನು ಆರಿಸಿಕೊಂಡು ಬೆರಳಿನಿಂದ ಗಾಳಿಯಲ್ಲಿ ಅದರ ಗೆರೆಯನ್ನು ಕೆಳಗಿನಿಂದ ಮೇಲೆ ಎಳೆದು ನೋಡಿ. ವಿಲ್ಲಿಸ್ ಟವರಿನ ಮೂಲೆಗೆರೆಗಳನ್ನು ಹಿಂಬಾಲಿಸಲು ಬೇಕಾದ ಅಭ್ಯಾಸ ಅದೇ. ಹಾಗೆಂದು ಚಾಲುಕ್ಯರ ಶಿಲ್ಪಿಗಳು ಗಗನಚುಂಬಿಯನ್ನು ಮೊದಲೇ ಕಂಡಿದ್ದರೆಂದು ಹೇಳುವ ಉತ್ಸಾಹ ಬೇಡ. ಕಲ್ಲಿನ ಮೇಲೆ ಕಲ್ಲು ಕೂರಿಸುವ ಕೆಲಸವೇ ಬೇರೆ, ಉಕ್ಕನ್ನು ಬೆಸೆಯುವ ಕೆಲಸವೇ ಬೇರೆ.

ಗಾಜು ಮತ್ತು ಬಿಸಿಲು

ಕೊನೆಗೆ ಹೊದಿಕೆ. ನ್ಯೂಯಾರ್ಕಿನಲ್ಲಿ 1958ರಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ, ಫಿಲಿಪ್ ಜಾನ್ಸನ್ನರ ಜೊತೆಗೂಡಿ ಮುಗಿಸಿದ 38 ಅಂತಸ್ತಿನ ಸೀಗ್ರಾಂ ಕಟ್ಟಡದ ಮುಖದ ಮೇಲೆ ಕಂಚಿನ ಸಪೂರ ಪಟ್ಟಿಗಳು ಮೇಲಿನಿಂದ ಕೆಳಗೆ ಇಳಿದಿವೆ. ಅವು ಭಾರ ಹೊರುವುದಿಲ್ಲ. ಬೆಂಕಿಯ ಭಯದಿಂದ ಒಳಗಿನ ಉಕ್ಕನ್ನು ಕಾಂಕ್ರೀಟಿನಲ್ಲಿ ಮುಚ್ಚಲೇಬೇಕೆಂದು ನಿಯಮವಿದ್ದುದರಿಂದ, ಒಳಗೆ ಉಕ್ಕಿದೆಯೆಂಬುದನ್ನು ಹೊರಗೆ ತೋರಿಸಲು ಹಚ್ಚಿದ ಗುರುತುಗಳು ಅವು. ಇದು ಪ್ರಾಮಾಣಿಕತೆಯೋ ನಾಟಕವೋ ಎಂಬ ವಾದ ಇನ್ನೂ ಮುಗಿದಿಲ್ಲ; ನನಗೆ ನಾಟಕವೆನಿಸಿದರೂ ಒಳ್ಳೆಯ ನಾಟಕವೆನಿಸುತ್ತದೆ. ಕಿಟಕಿಯ ಪರದೆಗಳು ಒಬ್ಬೊಬ್ಬರದು ಒಂದೊಂದು ಎತ್ತರಕ್ಕೆ ನಿಂತು ಮುಖ ಹಾಳಾಗಬಾರದೆಂದು, ಪೂರ್ತಿ ತೆರೆದ, ಅರ್ಧ, ಪೂರ್ತಿ ಮುಚ್ಚಿದ ಎಂಬ ಮೂರೇ ಸ್ಥಾನಗಳಲ್ಲಿ ನಿಲ್ಲುವಂತೆ ಅವುಗಳನ್ನು ಮಾಡಿಸಿದ್ದರು.

ಆ ಗಾಜಿನ ಮುಖವನ್ನು ನಮ್ಮ ಊರಿಗೆ ಹಾಗೆಯೇ ತಂದರೆ ಏನಾಗುತ್ತದೆಂಬುದನ್ನು ನಾನು ಎರಡು ವರ್ಷ ಅನುಭವಿಸಿದ್ದೇನೆ. ಹುಬ್ಬಳ್ಳಿಯ ಒಂದು ಕಾಂಪ್ಲೆಕ್ಸಿನ ಮೂರನೆಯ ಮಹಡಿಯಲ್ಲಿ ನಮ್ಮ ಕೋಣೆಗೆ ಪಡುವಲ ಗೋಡೆಯಿಡೀ ಗಾಜು, ತೆರೆಯಲು ಒಂದು ಕದವೂ ಇಲ್ಲ, ಹೊರಗೆ ಛಜ್ಜಾ ಇಲ್ಲ. ಮಧ್ಯಾಹ್ನ ಮೂರರ ನಂತರ ಸ್ಟೀಲಿನ ಸ್ಕೇಲು ಮುಟ್ಟಿದರೆ ಚುರ್ರೆನ್ನುತ್ತಿತ್ತು. ಹೋಳಿಯ ಹೊತ್ತಿಗೆ ಯಾರೋ ಗಾಜಿಗೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿದರು. ಅವು ಒಂದು ತಿಂಗಳಲ್ಲಿ ಚಹಾದ ಬಣ್ಣಕ್ಕೆ ತಿರುಗಿದವು, ನಾವು ಹಾಡಹಗಲೇ ಟ್ಯೂಬ್‌ಲೈಟ್ ಹಚ್ಚಿ ನಕ್ಷೆ ತಿದ್ದುತ್ತಿದ್ದೆವು.

ಇದರ ಕಾರಣ ಸೂರ್ಯನ ದಾರಿಯಲ್ಲಿದೆ. ಡಿಸೆಂಬರಿನ ಅತಿ ಚಿಕ್ಕ ದಿನದ ನಡುಹಗಲಿನಲ್ಲಿ ಶಿಕಾಗೋದ ಸೂರ್ಯ ದಿಗಂತದಿಂದ ಸುಮಾರು 25 ಡಿಗ್ರಿ ಮಾತ್ರ ಮೇಲಿರುತ್ತಾನೆ. ಹುಬ್ಬಳ್ಳಿಯಲ್ಲಿ ಸುಮಾರು 51. ಮೇ ತಿಂಗಳ ಆರಂಭದಲ್ಲಿ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಹಾಗಾಗಿ ನಮ್ಮಲ್ಲಿ ತೆಂಕಣ ಗೋಡೆಗೆ ಒಂದೆರಡು ಅಡಿಯ ಛಜ್ಜಾ ಹಾಕಿದರೆ ಬೇಸಿಗೆಯ ನಡುಹಗಲಿನ ಬಿಸಿಲು ಗಾಜಿಗೆ ತಾಗುವುದೇ ಇಲ್ಲ. ಆದರೆ ಇಳಿಹೊತ್ತಿನಲ್ಲಿ ಪಡುವಲಿಂದ ಅಡ್ಡಲಾಗಿ ಬರುವ ಬಿಸಿಲನ್ನು ಯಾವ ಛಜ್ಜಾವೂ ತಡೆಯಲಾರದು. ಅಲ್ಲಿ ಗೋಡೆ ಗಟ್ಟಿಯಾಗಿರಬೇಕು, ಇಲ್ಲವೇ ನೆಟ್ಟಗಿನ ಪಟ್ಟಿಗಳಿರಬೇಕು, ಅಥವಾ ಮೆಟ್ಟಿಲು, ಲಿಫ್ಟು, ಶೌಚಾಲಯಗಳನ್ನು ಆ ಬದಿಗೆ ತಳ್ಳಬೇಕು. ಯಾವುದೇ ಕಚೇರಿಯನ್ನು ನೋಡುವಾಗ ಅದರ ನಾಲ್ಕೂ ಮುಖಗಳನ್ನು ಸುತ್ತಿ ನೋಡಿ. ನಾಲ್ಕೂ ಒಂದೇ ರೀತಿಯಿದ್ದರೆ ಅದನ್ನು ಬರೆದವರು ಸೂರ್ಯನನ್ನು ಕೇಳಿಲ್ಲವೆಂದು ಅರ್ಥ. ಮಧ್ಯಾಹ್ನ ನಾಲ್ಕಕ್ಕೆ ಎಷ್ಟು ಪರದೆಗಳು ಮುಚ್ಚಿವೆ, ಎಷ್ಟು ದೀಪಗಳು ಉರಿಯುತ್ತಿವೆ ಎಂದು ಎಣಿಸಿದರೆ ಒಳಗಿನವರ ಕಷ್ಟ ಹೊರಗಿನಿಂದಲೇ ತಿಳಿಯುತ್ತದೆ.

ಟಿಪ್ಪಣಿ ಬರೆದುಕೊಳ್ಳಲು ಫೋಟೋಕ್ಕಿಂತ ಪೆನ್ಸಿಲ್ ಒಳ್ಳೆಯದು. ಕೈ ಗೆರೆ ಎಳೆಯುವಾಗ ಕಣ್ಣು ತಪ್ಪಿಸಿಕೊಳ್ಳಲಾರದು. ಬಹಳಷ್ಟು ಕಚೇರಿಗಳಲ್ಲಿ ಒಳಗೆ ಕ್ಯಾಮೆರಾ ಹಿಡಿದರೆ ಕಾವಲಿನವರು ತಡೆಯುತ್ತಾರೆ, ಮೊದಲೇ ಕೇಳಿಕೊಳ್ಳುವುದು ಮೇಲು.

ಉತ್ತರ ಕಳಿಸಿ ಎರಡು ವಾರಗಳ ನಂತರ ಅಣ್ಣನ ಮಗನ ಇನ್ನೊಂದು ಸಂದೇಶ ಬಂತು. ರಜೆಯ ದಿನ ಮೊನಾಡ್ನಾಕ್‌ನಿಂದ ವಿಲ್ಲಿಸ್ ಟವರಿನವರೆಗೆ ಹತ್ತು ನಿಮಿಷದ ದಾರಿಯನ್ನು ಎರಡು ತಾಸು ನಡೆದನಂತೆ. ಈ ಸಲ ಟವರಿನ ಚಿತ್ರವೇ ಇರಲಿಲ್ಲ. ಇಟ್ಟಿಗೆ ಗೋಡೆಯ ಬಾಗಿಲಿನ ಒಳಮೈಗೆ ಹೆಬ್ಬೆರಳು–ಕಿರುಬೆರಳು ಚಾಚಿ ಇಟ್ಟ ಅವನ ಕೈ, ಅದರ ಕೆಳಗೆ ಒಂದು ಸಾಲು: "ಕಾಕಾ, ನನ್ನ ಗೇಣು ಸಣ್ಣದೈತಿ, ಒಂಬತ್ತ ಬಂತು."